ಸಣ್ಣ ಕ್ಯಾಮೆರಾ ಸಣ್ಣದಾಗಿಯೇ ಇರಲಿ

ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ಪಾಕೆಟ್ ಎಂಬ ಸಣ್ಣ ಸಿನಿಮಾ ಕ್ಯಾಮೆರಾ ಕೊಂಡವರು ಮೊದಲು ಮಾಡುವ ಕೆಲಸ ಅದಕ್ಕೆ ಶೃಂಗಾರ. ಸುತ್ತ ಒಂದು ಕೇಜ್ ಅಂದರೆ ಲೋಹದ ಚೌಕಟ್ಟು, ಕೇಜಿಗೆ ಎರಡು ಹ್ಯಾಂಡಲ್, ಮುಂದೆ ಲೆನ್ಸಿಗೆ ನೆರಳು ಕೊಡುವ ಮ್ಯಾಟ್ ಬಾಕ್ಸ್, ಪಕ್ಕಕ್ಕೆ ಫೋಕಸ್ ತಿರುಗಿಸುವ ಫಾಲೋ ಫೋಕಸ್, ಮೇಲೊಂದು ಮಾನಿಟರ್, ಹಿಂದೆ ದಪ್ಪನೆಯ ವಿ-ಮೌಂಟ್ ಬ್ಯಾಟರಿ. ಮುಕ್ಕಾಲು ಕಿಲೋಗಿಂತ ಹಗುರ ಇದ್ದದ್ದು ನೋಡನೋಡುತ್ತ ಐದಾರು ಕಿಲೋ ಆಗಿರುತ್ತದೆ. ನೋಡಿದವರಿಗೆ ಅದು ‘ಸಿನಿಮಾ ಕ್ಯಾಮೆರಾ’ ಅನ್ನಿಸುತ್ತದೆ, ದುಡ್ಡು ಹಾಕಿದವರಿಗೂ ಸಮಾಧಾನ. ನನಗೆ ಮಾತ್ರ ಈ ಶೃಂಗಾರ ಸೇರುವುದಿಲ್ಲ. ಅಷ್ಟು ದೊಡ್ಡದೇ ಬೇಕಿದ್ದರೆ ಬೆಂಗಳೂರಿನಿಂದ ದೊಡ್ಡ ಕ್ಯಾಮೆರಾವನ್ನೇ ಬಾಡಿಗೆಗೆ ತರಿಸಬಹುದಲ್ಲ? ಸಣ್ಣ ಕ್ಯಾಮೆರಾದಿಂದ ಉಳಿಯುವುದು ಬರೀ ಬಾಡಿಗೆ ದುಡ್ಡು ಎನ್ನುವವರ ಜೊತೆ ನಾನು ಯಾವಾಗಲೂ ವಾದಕ್ಕೆ ನಿಲ್ಲುತ್ತೇನೆ. ಅದರ ಅಸಲು ಲಾಭ ಬೇರೆ. ಅದು ಬಂತೆಂದು ಜನ ತಮ್ಮ ಕೆಲಸ ನಿಲ್ಲಿಸುವುದಿಲ್ಲ.

ನಾನು ಹುಬ್ಬಳ್ಳಿಯವನು. ಮದುವೆ, ಸೀಮಂತ, ಮನೆ ಶಾಂತಿಯ ವಿಡಿಯೋ ಮಾಡುತ್ತ ಕೈ ಪಳಗಿಸಿಕೊಂಡು ಸಿನಿಮಾ ಛಾಯಾಗ್ರಹಣದ ಕಡೆ ಬಂದವನು. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕ ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಸಿನಿಮಾ ಕ್ಯಾಮೆರಾ, ಅಂದರೆ 2013ರಲ್ಲಿ ಬಂದ ಮೊದಲ ಮಾದರಿ, ನನ್ನ ಮೊದಲ ಸಿನಿಮಾ ಕ್ಯಾಮೆರಾ. ಅದರ ಸೆನ್ಸರ್ ಸೂಪರ್ 16 ಫಿಲ್ಮಿನ ಫ್ರೇಮಿನಷ್ಟು, ಚಿತ್ರ 1080ಪಿ, ಹೆಸರಿಗೆ ತಕ್ಕಂತೆ ಜೇಬಿನಲ್ಲೂ ಹಿಡಿಸುತ್ತಿತ್ತು. ಈಗ ಕೆಲಸವೆಲ್ಲ 2018ರಲ್ಲಿ ಬಂದ ಪಾಕೆಟ್ 4ಕೆಯಲ್ಲಿ. ಇದು ಯಾವ ಜೇಬಿಗೂ ಹೋಗುವುದಿಲ್ಲ, ಹೆಸರಷ್ಟೇ ಹಾಗೇ ಉಳಿದಿದೆ. ಆದರೆ ಆಕಾರ ಸ್ಟಿಲ್ ಕ್ಯಾಮೆರಾದ್ದು. ಕಂಡವರು ‘ಫೋಟೋದಾಂವ’ ಅಂದುಕೊಂಡು ಸುಮ್ಮನಾಗುತ್ತಾರೆ. ನನಗೆ ಬೇಕಾದದ್ದೂ ಅಷ್ಟೇ.

ನಾನು ಕ್ಯಾಮೆರಾ ಹಿಡಿದ ಒಂದು ಚಿತ್ರದ ದೊಡ್ಡ ಭಾಗವನ್ನು ಬೆಟಗೇರಿಯ ನೇಕಾರರ ಮನೆಯೊಂದರಲ್ಲಿ ತೆಗೆಯಬೇಕಿತ್ತು. ಹಳೆಯ ಮಣ್ಣಿನ ಮಾಳಿಗೆ, ತಲೆಗೆ ತಾಗುವಂಥ ಜಂತಿ, ನಡುವೆ ಒಂದೇ ಒಂದು ಬೆಳಕಿಂಡಿ. ನೇಕಾರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವ ಮಗ್ಗ ಅರ್ಧ ಕೋಣೆಯನ್ನು ತಿಂದುಬಿಟ್ಟಿದೆ. ಮಗ್ಗಕ್ಕೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿ ನಿಲ್ಲಬಹುದು. ಅಲ್ಲಿ ಟ್ರೈಪಾಡಿನ ಕಾಲು ಊರಲು ಜಾಗವೇ ಇಲ್ಲ. ಸಣ್ಣ ಅರಿವೆ ಚೀಲದಲ್ಲಿ ಜೋಳ ತುಂಬಿ ಬಾಯಿ ಹೊಲಿಸಿಕೊಂಡಿದ್ದೆ. ಅದನ್ನು ಕುಣಿಯ ಅಂಚಿಗಿಟ್ಟು ಮೇಲೆ ಕ್ಯಾಮೆರಾ ಒತ್ತಿದರೆ ಕುಂತಿತು. ಲಾಳಿ ಎಡದಿಂದ ಬಲಕ್ಕೆ ಹಾಯುವುದು ಲೆನ್ಸಿನ ಎತ್ತರಕ್ಕೇ ಸರಿಯಾಗಿ ಬರುತ್ತದೆ, ಹಾಸಿನ ಎಳೆಗಳ ಸಂದಿಯಿಂದ ನೇಕಾರರ ಮುಖ ಕಾಣುತ್ತದೆ. ಕೇಜು, ಮ್ಯಾಟ್ ಬಾಕ್ಸು ಇದ್ದಿದ್ದರೆ ಆ ಜಾಗಕ್ಕೆ ಕ್ಯಾಮೆರಾ ಇಳಿಯುತ್ತಲೇ ಇರಲಿಲ್ಲ.

ಮನೆಯ ಹಿರಿಯರು ತಮ್ಮ ಪಾಡಿಗೆ ನೇಯುತ್ತಿದ್ದರು. “ಅಜ್ಜಾರ, ನಮ್ಮಿಂದ ನಿಮ್ಗೇನರ ತ್ರಾಸ ಆಗಾಕತ್ತೈತೇನ್ರಿ?” ಅಂತ ಕೇಳಿದೆ. ತಲೆ ಎತ್ತಲಿಲ್ಲ. “ನಿನ್ನ ಕೆಲಸ ನೀ ಮಾಡೋ ತಮ್ಮಾ. ನನ್ನ ಲಾಳಿ ನಿಂತ್ರ ಪಗಾರ ನೀ ಕೊಡ್ತೀಯೇನು?” ಅಂದರು. ಆ ಮಾತು ಕೂಡ ರೆಕಾರ್ಡ್ ಆಗಿದೆ. ನಿರ್ದೇಶಕರು ಚಿತ್ರದಲ್ಲಿ ಉಳಿಸಿಕೊಂಡಿದ್ದಾರೆ.

ಅಂಥ ಕೋಣೆಯಲ್ಲಿ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, ಎಷ್ಟಿಡಬೇಕು ಎಂಬುದು ಈ ಕ್ಯಾಮೆರಾ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ. 4ಕೆಯಲ್ಲಿ ಎರಡು ಮೂಲ ಐಎಸ್ಒ ಇವೆ, 400 ಮತ್ತು 3200. 1000ದವರೆಗೆ ಮೊದಲನೆಯದರ ಸರ್ಕ್ಯೂಟ್ ಕೆಲಸ ಮಾಡುತ್ತದೆ, 1250ರಿಂದ ಎರಡನೆಯದರದ್ದು. ಅದಕ್ಕೇ 1250ರಲ್ಲಿ ಕಾಣುವ ನಾಯ್ಸ್ (ಚಿತ್ರದ ಮೇಲಿನ ಕಾಳು ಕಾಳು) 1000ಕ್ಕಿಂತ ಕಡಿಮೆ. ಇದನ್ನು ಕೇಳಿದವರು ಕತ್ತಲಲ್ಲಿ ಕಣ್ಣುಮುಚ್ಚಿ 1250ಕ್ಕೆ ಹೋಗುತ್ತಾರೆ. ಅಲ್ಲೊಂದು ತಕರಾರಿದೆ. 1250ರಲ್ಲಿ ನೆರಳಿನ ಕಡೆ ವಿವರ ಹೆಚ್ಚು ಸಿಗುತ್ತದೆ, ಆದರೆ ಬೆಳಕಿನ ಕಡೆಯ ಜಾಗ ಕಡಿಮೆಯಾಗಿ ಬಿಸಿಲು ಬಿದ್ದ ಭಾಗ ಬೇಗ ವಿವರವಿಲ್ಲದೆ ಬಿಳಿಯಾಗಿಬಿಡುತ್ತದೆ. 1000ದಲ್ಲಿ ಇದರ ಉಲ್ಟಾ. ಹಾಗಾಗಿ ಬೆಳಕಿಂಡಿಯ ಬಿಸಿಲು ಫ್ರೇಮಿನೊಳಗೆ ಬಿದ್ದರೆ 1000, ಬರೀ ಕತ್ತಲ ಮೂಲೆಯಲ್ಲಿ ನೂಲಿನ ಕಂಡಿಕೆ ಸುತ್ತುವ ಹೆಣ್ಣುಮಗಳಷ್ಟೇ ಇದ್ದರೆ 1250 ಅಥವಾ 3200. ಒಂದೇ ಕೋಣೆಯಲ್ಲಿ, ಕ್ಯಾಮೆರಾ ಯಾವ ಕಡೆ ತಿರುಗಿದೆ ಎಂಬುದರ ಮೇಲೆ ಈ ಲೆಕ್ಕ ಬದಲಾಗುತ್ತಿರಬೇಕು.

ಲೈಟನ್ನು ನಾವು ಹೆಚ್ಚು ಒಯ್ದಿರಲಿಲ್ಲ. ಮೈಸೂರಿನ ವಿ.ಕೆ. ಮೂರ್ತಿಯವರು ಮುಂಬೈ ಸ್ಟುಡಿಯೋದೊಳಗೆ ಕನ್ನಡಿ ಹಿಡಿಸಿ ಬಿಸಿಲಿನ ಕೋಲನ್ನು ಒಳಗೆ ತಂದದ್ದನ್ನು ನಮ್ಮ ವೃತ್ತಿಯವರೆಲ್ಲ ಕೇಳಿರುತ್ತಾರೆ. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಅವರಷ್ಟು ದೊಡ್ಡ ಸಾಹಸ ನಮ್ಮದಲ್ಲ. ಅಂಗಳದಲ್ಲಿ ಅದೇ ಮನೆಯ ಕಪಾಟಿನ ಕನ್ನಡಿ, ಬಾಗಿಲ ಒಳಗೆ ಒಂದು ಬಿಳಿ ಥರ್ಮಾಕೋಲ್ ಹಾಳೆ, ಇಷ್ಟೇ. ಕನ್ನಡಿ ಹಿಡಿದ ಹುಡುಗ ಸೂರ್ಯನ ಜೊತೆ ಸರಿಯುತ್ತಿರಬೇಕು, ಇಲ್ಲದಿದ್ದರೆ ಶಾಟ್ ನಡುವೆಯೇ ಬೆಳಕು ಮುಖದಿಂದ ಹೆಗಲಿಗೆ ಇಳಿದಿರುತ್ತದೆ.

ಬ್ಯಾಡಗಿಯದ್ದು ಬೇರೆಯೇ ಪರೀಕ್ಷೆ. ಸುಗ್ಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ಒಳಹೊಕ್ಕರೆ ಕಣ್ಣು ಹಾಯಿಸಿದಲ್ಲೆಲ್ಲ ಚೀಲ, ರಾಶಿ, ಜೊತೆಗೆ ಗಂಟಲು ಹಿಡಿಯುವ ಘಾಟು. ಅಲ್ಲಿ ಲೆನ್ಸ್ ಬಿಚ್ಚುವ ಮಾತೇ ಇಲ್ಲ. ಮೆಣಸಿನ ಧೂಳು ಸೆನ್ಸರಿನ ಮೇಲೆ ಕುಂತರೆ ಆ ದಿನ ಮುಗಿದಂತೆ. ಒಂದೇ ಝೂಮ್ ಲೆನ್ಸ್, 12-35 ಎಂಎಂ, ಹಾಕಿಕೊಂಡು ಹೋಗಿ ಹಾಗೇ ವಾಪಸ್ ಬರುವುದು. ತೊಟ್ಟು ಮುರಿಯುತ್ತ ಕುಂತಿದ್ದ ಹೆಣ್ಣುಮಕ್ಕಳ ಸಾಲಿನ ಎದುರು ನಾನೂ ನೆಲಕ್ಕೆ ಕುಂತೆ.

“ಯಾವ ಚಾನಲ್‌ನ್ಯಾಂವೋ ತಮ್ಮಾ?”

“ಚಾನಲ್ ಅಲ್ರೀ ಯವ್ವಾ, ಸಿನಿಮಾ ಐತ್ರಿ.”

“ಇದರಾಗ? ನನ್ನ ಮೊಮ್ಮಗಳ ಮದುವ್ಯಾಗ ಬಂದಿದ್ದ ಕ್ಯಾಮೆರಾನ ಇದರಕಿಂತ ದೊಡ್ಡದಿತ್ತು ಬಿಡು.”

ಸಾಲಿಗೆ ಸಾಲೇ ನಕ್ಕಿತು. ಆಮೇಲೆ ಯಾರೂ ನನ್ನ ಕಡೆ ನೋಡಲಿಲ್ಲ. ನಮ್ಮ ನಟಿ ಆ ಸಾಲಿನ ನಡುವೆ ಕುಂತು ತೊಟ್ಟು ಮುರಿಯುತ್ತಿದ್ದಳು. ಪಕ್ಕದವರು ಅವಳಿಗೆ ಕೈ ಹೇಗೆ ಓಡಿಸಬೇಕೆಂದು ಹೇಳಿಕೊಡುತ್ತಿದ್ದರು, ನಾನು ತೆಗೆಯುತ್ತಿದ್ದೆ. ಸ್ಕ್ರಿಪ್ಟಿನಲ್ಲಿ ಇಲ್ಲದ ದೃಶ್ಯ ಅದು.

ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಬಣ್ಣದಿಂದ. ಖಾರ ಕಡಿಮೆ, ಕೆಂಪು ಗಾಢ, ಸಿಪ್ಪೆ ಸುಕ್ಕು ಸುಕ್ಕು. 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಬಂತು. ಆ ಸುಕ್ಕೇ ಅದರ ಗುರುತು. ಆದರೆ ಕ್ಯಾಮೆರಾದ ಪರದೆಯಲ್ಲಿ ರಾಶಿಯೆಲ್ಲ ಒಂದೇ ಕೆಂಪು ಮುದ್ದೆಯಾಗಿ ಕಾಣುತ್ತದೆ. ಕಾರಣ ಇದೆ. ಹೈ ಡೆಫಿನಿಷನ್ ವಿಡಿಯೋದಲ್ಲಿ ಪ್ರಕಾಶದ ಲೆಕ್ಕ ಹಾಕುವಾಗ ಹಸಿರಿಗೆ ಸುಮಾರು ಶೇ 72ರ ಪಾಲು, ಕೆಂಪಿಗೆ ಶೇ 21 ಮಾತ್ರ. ಹೀಗಾಗಿ ಮಾಪಕ ‘ಇನ್ನೂ ಜಾಗ ಐತಿ’ ಎನ್ನುವಾಗಲೇ ಕೆಂಪು ತುಂಬಿ ಹೋಗಿರುತ್ತದೆ. ನಾನು ಮಾಡುವುದಿಷ್ಟು: ಪರದೆಗೆ ಬಣ್ಣ ತುಂಬಿ ತೋರಿಸುವ ಎಲ್‌ಯುಟಿ ತೆಗೆದು, ಬಣ್ಣ ಏರಿಸದ ಮಂಕು ಲಾಗ್ ಚಿತ್ರವನ್ನೇ ನೋಡಿ ಸುಕ್ಕು ಉಳಿದಿದೆಯೇ ಪರೀಕ್ಷಿಸುತ್ತೇನೆ, ಎಕ್ಸ್‌ಪೋಶರ್ ಸ್ವಲ್ಪ ಕೆಳಗಿಡುತ್ತೇನೆ, ರಾಶಿಯ ಶಾಟ್‌ಗಳನ್ನು ಮುಂಜಾನೆಯ ಓರೆ ಬಿಸಿಲಿಗೆ ಇಟ್ಟುಕೊಳ್ಳುತ್ತೇನೆ. ನೆತ್ತಿಯ ಮೇಲಿನ ಬಿಸಿಲಿಗೆ ಸುಕ್ಕು ಕಾಣುವುದಿಲ್ಲ. ಮುಂದೆ ಬಣ್ಣ ತಿದ್ದುವ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರಿನಲ್ಲಿ ಕೆಂಪಿನ ಸ್ಯಾಚುರೇಶನ್ (ತೀವ್ರತೆ) ಇಳಿಸಿ, ಅದರ ಪ್ರಕಾಶವನ್ನೂ ಒಂದಿಷ್ಟು ತಗ್ಗಿಸಿದರೆ ಕಾಯಿಯ ಬಣ್ಣ ಗಟ್ಟಿಯಾಗುತ್ತದೆ. ಬಣ್ಣ ಏರಿಸಿ ಏರಿಸಿ ಕೆಡಿಸಿದ ಮೆಣಸಿನಕಾಯಿಯನ್ನು ಮಸಾಲೆ ಜಾಹೀರಾತಿನಲ್ಲಿ ಬೇಕಾದಷ್ಟು ನೋಡಿದ್ದೇವೆ.

ಅಲ್ಲಿನ ದಲಾಲಿ ಅಂಗಡಿಗಳ ಒಳಗೆ ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಶಟರಿನ ಕೋನವನ್ನು ಎಲ್ಲರಂತೆ 180 ಡಿಗ್ರಿಗೆ ಬಿಟ್ಟರೆ ಬೆಳಕು ಮಿಣುಕುವ ಅಪಾಯ ಇದೆ. 172.8ಕ್ಕೆ ಇಟ್ಟರೆ ಒಂದೊಂದು ಫ್ರೇಮಿಗೆ ಸರಿಯಾಗಿ ಸೆಕೆಂಡಿನ ಐವತ್ತನೇ ಒಂದು ಭಾಗ ಬೆಳಕು ಬೀಳುತ್ತದೆ, ಬಹುತೇಕ ತೊಂದರೆ ಅಲ್ಲಿಗೆ ಮುಗಿಯುತ್ತದೆ.

ಬಯಲಿಗೆ ಬಂದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಬೇಕು, ಈ ಕ್ಯಾಮೆರಾದೊಳಗೆ ಅದಿಲ್ಲ. ಇಲ್ಲಿ ದುಡ್ಡು ಉಳಿಸಬೇಡಿ. ಸಾದಾ ಎನ್‌ಡಿ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ, ಇನ್‌ಫ್ರಾರೆಡ್ಡನ್ನು ಒಳಗೆ ಬಿಡುತ್ತದೆ. ಗದಗಿನ ಮಧ್ಯಾಹ್ನದ ಬಿಸಿಲಲ್ಲಿ ಗಾಢ ಎನ್‌ಡಿ ಹಾಕಿ ಕರಿ ಕೊಡೆ ಹಿಡಿದವನನ್ನು ತೆಗೆದು ನೋಡಿ, ಕೊಡೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಗ್ರೇಡಿಂಗಿನಲ್ಲಿ, ಅಂದರೆ ಆಮೇಲೆ ಬಣ್ಣ ತಿದ್ದುವಾಗ, ಅದನ್ನು ಸರಿಮಾಡಲು ಹೋದರೆ ಮುಖದ ಬಣ್ಣ ಹೋಗುತ್ತದೆ. ಇನ್‌ಫ್ರಾರೆಡ್ ತಡೆಯುವ ಎನ್‌ಡಿಗೆ ಬೆಲೆ ಜಾಸ್ತಿ. ಕೇಜಿಗೂ ಮ್ಯಾಟ್ ಬಾಕ್ಸಿಗೂ ಹಾಕುವ ದುಡ್ಡನ್ನು ಅದಕ್ಕೆ ಹಾಕಿ.

ಸಂಜೆಯ ಹೊತ್ತು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಗಿರಮಿಟ್ ಮಿರ್ಚಿ ಗಾಡಿಗಳ ನಡುವೆ, ಕ್ಯಾಮೆರಾ ಕೈಯಲ್ಲೇ. ಸೆನ್ಸರಿಗೆ ಸ್ಟೆಬಿಲೈಸೇಶನ್ ಇಲ್ಲ, ಆ ಸೌಲಭ್ಯ ಲೆನ್ಸಿನಲ್ಲಿ ಇದ್ದಷ್ಟೇ. ಕೊರಳ ಪಟ್ಟಿಯನ್ನು ಗಿಡ್ಡ ಮಾಡಿಕೊಂಡು, ಅದು ಬಿಗಿಯಾಗುವ ತನಕ ಕ್ಯಾಮೆರಾವನ್ನು ಮುಂದಕ್ಕೆ ಚಾಚಿ, ಮೊಳಕೈ ಎರಡನ್ನೂ ಪಕ್ಕೆಗೆ ಒತ್ತಿಕೊಂಡರೆ ಅರ್ಧ ನಡುಕ ಹೋಗುತ್ತದೆ. ಉಳಿದ ನಡುಕಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಸಂತೆಯಲ್ಲಿ, ನಡುಕ ತಡೆಯುವ ಗಿಂಬಲ್ ಮೇಲೆ ತೇಲುವ ಶಾಟ್ ನೋಡಿದರೆ ನನಗೆ ಮದುವೆ ವಿಡಿಯೋ ನೆನಪಾಗುತ್ತದೆ. ತೆಗೆಯುವುದು 4096ರ ಅಗಲದಲ್ಲಿ, ಥಿಯೇಟರಿಗೆ ಕೊಡುವ ನಮ್ಮ ಕೊನೆಯ ಡಿಜಿಟಲ್ ಪ್ರತಿ, ಅಂದರೆ ಡಿಸಿಪಿ, 2ಕೆ. ಹಾಗಾಗಿ ಎಡಿಟಿಂಗಿನಲ್ಲಿ ಒಂದಿಷ್ಟು ಒಳಗೆ ಸರಿಯಲು ಅವಕಾಶ ಇದ್ದೇ ಇರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ಸಣ್ಣದೆಂದು ಅನುಮತಿ ಬೇಡ ಅಂತಲ್ಲ. ಲಕ್ಕುಂಡಿಯ ಸಂರಕ್ಷಿತ ಗುಡಿಗಳಿಗೆ ಪುರಾತತ್ವ ಇಲಾಖೆಯದ್ದು, ಹುಬ್ಬಳ್ಳಿ ಸ್ಟೇಷನ್ನಿನ ಆ ಒಂದೂವರೆ ಕಿಲೋಮೀಟರ್ ಪ್ಲಾಟ್‌ಫಾರ್ಮಿಗೆ ರೈಲ್ವೆಯದ್ದು ಪರವಾನಗಿ ಬೇಕು. ಕದ್ದು ತೆಗೆದ ಶಾಟ್ ಆಮೇಲೆ ನಿರ್ಮಾಪಕರ ಕೊರಳಿಗೆ ಬರುತ್ತದೆ. ಮನೆಯೊಳಗೆ, ಅಂಗಡಿಯೊಳಗೆ ತೆಗೆಯುವಾಗಲೂ ಅಷ್ಟೇ. ಜನ ಕ್ಯಾಮೆರಾ ಮರೆತಿದ್ದಾರೆಂದರೆ ಒಪ್ಪಿದ್ದಾರೆ ಎಂದಲ್ಲ. ಮೊದಲೇ ಕೇಳಿ, ಎಲ್ಲಿ ಹೇಗೆ ತೋರಿಸುತ್ತೇವೆಂದು ಹೇಳಿ, ಆಮೇಲೆ ಕೂಡಬೇಕು.

ಬ್ಯಾಟರಿ ಒಂದಕ್ಕೆ ಹೆಚ್ಚೆಂದರೆ ಒಂದು ತಾಸು. ವಿ-ಮೌಂಟ್ ಬ್ಯಾಟರಿಯನ್ನು ನಾನೂ ಬಳಸುತ್ತೇನೆ, ಆದರೆ ಅದು ನನ್ನ ಹೆಗಲ ಚೀಲದಲ್ಲಿರುತ್ತದೆ, ಕ್ಯಾಮೆರಾಕ್ಕೆ ಬರುವುದು ವೈರ್ ಮಾತ್ರ. ಡೇಟಾ ಲೆಕ್ಕವನ್ನು ಶೂಟಿಂಗಿಗೆ ಮೊದಲೇ ಹಾಕಿಕೊಳ್ಳಬೇಕು. ಬ್ಲ್ಯಾಕ್‌ಮ್ಯಾಜಿಕ್ ರಾ ಎಂಬ ಫೈಲ್ ಮಾದರಿಯಲ್ಲಿ, 8:1 ಕಂಪ್ರೆಶನ್‌ನಲ್ಲಿ, 24 ಫ್ರೇಮಿಗೆ, ತಾಸಿಗೆ 150 ಜಿಬಿ ಹತ್ತಿರ ಹೋಗುತ್ತದೆ. ಯುಎಸ್‌ಬಿ-ಸಿ ಮೂಲಕ ಎಸ್‌ಎಸ್‌ಡಿಗೆ ನೇರ ರೆಕಾರ್ಡ್ ಮಾಡಬಹುದು, ಆದರೆ ಆ ಕೇಬಲ್ ಒಂದು ಜಗ್ಗಿಗೆ ಕಿತ್ತು ಬರುವಂಥದ್ದು. ಅದನ್ನು ಹಿಡಿದಿಡುವ ಸಣ್ಣ ಕ್ಲ್ಯಾಂಪ್ ಒಂದನ್ನು ಮಾತ್ರ ಶೃಂಗಾರದಲ್ಲಿ ಉಳಿಸಿಕೊಂಡಿದ್ದೇನೆ. ರಾತ್ರಿ ಲಾಡ್ಜಿಗೆ ಬಂದು ಊಟಕ್ಕೂ ಮೊದಲು ಎರಡು ಡ್ರೈವಿಗೆ ಕಾಪಿ. ರಿಸಾಲ್ವ್‌ನ ಕ್ಲೋನ್ ಟೂಲ್ ಕಾಪಿ ಸರಿ ಬಂದಿದೆಯೇ ಎಂದು ತಾಳೆ ನೋಡಿಯೇ ಬಿಡುತ್ತದೆ.

ಸೌಂಡ್ ಬಗ್ಗೆ ಒಂದೇ ಮಾತು: ಅದಕ್ಕೆ ಬೇರೆ ಮನುಷ್ಯ, ಬೇರೆ ರೆಕಾರ್ಡರ್.

ಇನ್ನು ಗ್ರೇಡಿಂಗ್. ಬೆಟಗೇರಿಯ ಕತ್ತಲನ್ನು ನಮ್ಮ ಮಾನಿಟರಿನಲ್ಲಿ ನೋಡಿ ಖುಷಿಪಡುವುದು ಸುಲಭ. ಥಿಯೇಟರಿನಲ್ಲಿ ಪರದೆಯ ಪ್ರಕಾಶ 48 ನಿಟ್ಸ್ ಇರಬೇಕೆಂಬುದು ನಿಯಮ. ಪ್ರೊಜೆಕ್ಟರಿನ ಲ್ಯಾಂಪ್ ಹಳೆಯದಾದ ಕಡೆ ಅಷ್ಟೂ ಇರುವುದಿಲ್ಲ, ನೆರಳಲ್ಲಿ ಉಳಿಸಿಕೊಂಡ ವಿವರವೆಲ್ಲ ಮೊದಲು ಅಲ್ಲೇ ಮುಳುಗುತ್ತದೆ. ಅದಕ್ಕೆ ನಾನು ಅತಿ ಕತ್ತಲಿನ ದೃಶ್ಯಗಳನ್ನಷ್ಟೇ ಆರಿಸಿ ಎರಡು ಮೂರು ನಿಮಿಷದ ಡಿಸಿಪಿ ಮಾಡಿ, ಚಿತ್ರ ಹಾಕಲಿರುವ ಥಿಯೇಟರಿಗೆ ಒಯ್ದು, ಮುಂಜಾನೆಯ ಆಟಕ್ಕೂ ಮೊದಲು ಹಾಕಿಸಿ ನೋಡುತ್ತೇನೆ. ಆಪರೇಟರ್‌ಗೆ ಹಿಂದಿನ ದಿನವೇ ಹೇಳಿಟ್ಟರೆ ಇಲ್ಲ ಎನ್ನುವುದಿಲ್ಲ. ನೋಡುವುದು ಮಾತ್ರ ನಡುವಿನ ಸೀಟಿನಿಂದಲ್ಲ, ಪಕ್ಕದ ಗೋಡೆಯ ಹತ್ತಿರದ ಸೀಟಿನಿಂದ.