ಮೇಲ್ದವಡೆ ಆಪರೇಷನ್ ಆದಮೇಲೆ ಊಟ, ಮಾತು ಮತ್ತೆ ರೂಢಿಗೆ ಬರಬೇಕಾದರೆ

ಮೇಲ್ದವಡೆ ಕ್ಯಾನ್ಸರ್ ಆಪರೇಷನ್‌ಗೆ ದಿನ ಗೊತ್ತಾಯಿತಾ? ಹಾಗಾದರೆ ಕೃತಕ ಹಲ್ಲು, ದವಡೆ ಮಾಡುವ ಪ್ರಾಸ್ಥೊಡಾಂಟಿಸ್ಟ್ ಡಾಕ್ಟರಿಗೆ ಈಗಲೇ ತೋರಿಸಿ. ಗಾಯ ಮಾಗಲಿ ಆಮೇಲೆ ನೋಡೋಣ ಅಂತ ಕೂರಬೇಡಿ. ಅವರು ಮೊದಲೇ ಬಾಯಿಯ ಅಚ್ಚು ತೆಗೆದುಕೊಂಡಿದ್ದರೆ, ಅಂಗುಳು ತೆಗೆದ ತೂತಿಗೆ ಆಪರೇಷನ್ ದಿನವೇ ಪ್ಲೇಟ್ ಕೂರಿಸಬಹುದು. ಇದೇ ಆಬ್ಚುರೇಟರ್. ಕೆಲವರಿಗೆ ಮೈಯ ಬೇರೆ ಕಡೆಯಿಂದ ಮಾಂಸ, ಮೂಳೆ ತಂದು ತೂತು ಮುಚ್ಚುತ್ತಾರೆ, ಅವರ ದಾರಿ ಬೇರೆ. ಮಿಕ್ಕವರಿಗೆ ಪ್ಲೇಟ್ ಇಲ್ಲದಿದ್ದರೆ ಕುಡಿದ ನೀರು ಮೂಗಿಂದ ಬರುತ್ತದೆ, ಆಡಿದ ಮಾತು ಮನೆಯವರಿಗೇ ಅರ್ಥವಾಗುವುದಿಲ್ಲ.

ಒಂದೇ ಪ್ಲೇಟಿಗೆ ಮುಗಿಯುವುದಿಲ್ಲ. ಆಪರೇಷನ್ ದಿನ ಕೂರಿಸಿದ ಮೊದಲನೆಯದು ಇರುವುದು ಒಂದು ವಾರದ ಆಸುಪಾಸು, ಆಮೇಲೆ ತಾತ್ಕಾಲಿಕದ್ದು, ಗಾಯ ಪೂರ್ತಿ ಮಾಗಿದ ಮೇಲೆ, ಅಂದರೆ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೆ, ಕಾಯಂ ಪ್ಲೇಟ್. ರೇಡಿಯೇಷನ್ ಇದ್ದರೆ ಇನ್ನೂ ತಡ. ನಡುವೆ ತೂತಿನ ಆಕಾರ ಬದಲಾಗುತ್ತಾ ಇರುತ್ತದೆ, ಪ್ಲೇಟ್ ಸಡಿಲ ಆಗುತ್ತದೆ, ಪದೇಪದೇ ಸರಿಮಾಡಿಸಬೇಕು. ತೀರ್ಥಹಳ್ಳಿ ಕಡೆಯವರು ಮಣಿಪಾಲಕ್ಕೆ ಹೋಗುವುದಾದರೆ ಮಳೆಗಾಲದ ಆಗುಂಬೆ ಘಾಟಿಯನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಸಣ್ಣಪುಟ್ಟ ಸರಿಮಾಡುವ ಕೆಲಸ ಶಿವಮೊಗ್ಗದ ಡೆಂಟಲ್ ಕಾಲೇಜಿನಲ್ಲಿ ಆಗುತ್ತದಾ ಅಂತ ಮೊದಲೇ ವಿಚಾರಿಸಿ.

ಬಾಯಿ ತೆರೆಯುವ ವ್ಯಾಯಾಮ ಮಾತ್ರ ಬಿಡಲೇಬೇಡಿ. ಆಪರೇಷನ್, ರೇಡಿಯೇಷನ್ ಎರಡರಿಂದಲೂ ದವಡೆ ಬಿಗಿಯುತ್ತದೆ. ನಮ್ಮ ಕಡೆ ವರ್ಷಗಟ್ಟಲೆ ಅಡಿಕೆ ಹಾಕಿ ಬಾಯಿ ಮೊದಲೇ ಬಿಗಿದಿರುವವರು ಬೇರೆ ಜಾಸ್ತಿ. ಬಾಯಿ ತೆರೆಯದಿದ್ದರೆ ಎಷ್ಟು ಚೆಂದದ ಪ್ಲೇಟ್ ಮಾಡಿಸಿದರೂ ಒಳಗೆ ಹಾಕುವುದು ಹೇಗೆ? ಡಾಕ್ಟರ್ ಹೂಂ ಅಂದ ದಿನದಿಂದ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು, ಸ್ವಲ್ಪ ಹೊತ್ತು ಹಾಗೇ ಹಿಡಿದು, ತಡೆಯುವಷ್ಟು ಮಾತ್ರ ಕಡ್ಡಿ ಹೆಚ್ಚಿಸುತ್ತಾ ಹೋಗಿ. ದಿನಕ್ಕೆ ಹಲವು ಸಲ. ಎಳೆತ ಇರಲಿ, ಜೋರು ನೋವು ಬೇಡ.

ಊಟಕ್ಕೆ ನೆಟ್ಟಗೆ ಕುಳಿತು, ಆಪರೇಷನ್ ಆಗದ ಕಡೆಯಲ್ಲಿ, ಸಣ್ಣ ತುತ್ತು. ಶುರುವಿನಲ್ಲಿ ತೆಳು ನೀರಿಗಿಂತ ಗಟ್ಟಿ ಗಂಜಿ, ಕಲಸಿದ ಮೆತ್ತನ್ನ ಸಲೀಸು. ಖಾರದ ಸಾರು ಆಮೇಲೆ ನೋಡೋಣ. ದಿನಾ ಪೇಪರ್ ಜೋರಾಗಿ ಓದಿ, ಮಾತು ತಿದ್ದುತ್ತದೆ.

ಪ್ಲೇಟ್ ನೀವೇ ತೆಗೆಯಬಹುದು ಅಂತ ಡಾಕ್ಟರ್ ಹೇಳಿದ ಮೇಲೆ, ಪ್ರತಿ ಊಟದ ನಂತರ ಅದನ್ನು ತೆಗೆದು ಮೆತ್ತನೆ ಬ್ರಷ್, ಸೋಪಿನಿಂದ ತೊಳೆಯಿರಿ. ಬಿಸಿನೀರು ಬೇಡ, ಸೊಟ್ಟಗಾಗುತ್ತದೆ. ಬಾಯಿಯನ್ನು ಉಪ್ಪುನೀರಿನಿಂದ ಮುಕ್ಕಳಿಸಿ. ರಾತ್ರಿ ತೆಗೆದಿಡಬೇಕಾ ಅಂತ ಡಾಕ್ಟರನ್ನೇ ಕೇಳಿ. ಗಾಯ ಮಾಗುವ ದಿನಗಳಲ್ಲಿ ತುಂಬಾ ಹೊತ್ತು ತೆಗೆದಿಟ್ಟರೆ ಮತ್ತೆ ಕೂರುವುದಿಲ್ಲ.

ಇನ್ನೊಂದು. ಕೀಳಬೇಕಾದ ಹಲ್ಲನ್ನು ರೇಡಿಯೇಷನ್‌ಗೆ ಮುಂಚೆಯೇ ಕೀಳಿಸಿ. ಆಮೇಲೆ ಕಿತ್ತರೆ ಮೂಳೆ ಮಾಗದೆ ಕೊಳೆಯುವ ಅಪಾಯ ಇದೆ, ಅದೂ ವರ್ಷಗಳ ನಂತರವೂ. ಪೇಟೆಯ ಯಾವ ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ರೇಡಿಯೇಷನ್ ಆಗಿದೆ ಅಂತ ಮೊದಲೇ ಹೇಳಿ.