ನದಿಯ ಬ್ರೂಡರ್, ಕೊಳದ ಬ್ರೂಡರ್: ಹೋಲಿಸುವುದು ಹೇಗೆ?

ಬ್ರೂಡರ್ ಅಂದರೆ ಮರಿ ಪಡೆಯಲು ಇಟ್ಟುಕೊಳ್ಳುವ ಬಲಿತ ಗಂಡು-ಹೆಣ್ಣು ಮೀನು. ಸಂತಾನದ ವಿಷಯದಲ್ಲಿ ನದಿಯ ಮೀನನ್ನೂ ಸಾಕಿದ ಮೀನನ್ನೂ ಹೋಲಿಸಬೇಕು ಅಂತ ಯಾರಾದರೂ ಹೊರಟರೆ ನಾನು ಮೊದಲು ಕೇಳುವುದು ಇಷ್ಟೇ: ನಿಮ್ಮ ನದಿಯ ಮೀನು ಈಗ ಎಲ್ಲಿದೆ? ತೊಟ್ಟಿಯಲ್ಲಿದೆ ಅಂದರೆ ಅದು ಆಗಲೇ ಅರ್ಧ ಸಾಕಿದ ಮೀನು. ಬಲೆಗೆ ಬಿದ್ದು, ಗಾಡಿಯಲ್ಲಿ ಕುಲುಕಾಡಿ, ಹೊಸ ನೀರಿಗೆ ಬಂದ ಹೆಣ್ಣು ಮೀನು ಸರಿಯಾಗಿ ತಿನ್ನುವುದಿಲ್ಲ. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಏರಿರುತ್ತದೆ. ತುಂಬಿಕೊಳ್ಳುತ್ತಿದ್ದ ಮೊಟ್ಟೆಗಳು ಅಂಡಾಶಯದ ಒಳಗೇ ಕರಗಲು ಶುರುವಾಗಿರಬಹುದು. ಅದನ್ನು ನೋಡಿ ‘ಕಾಡು ಮೀನು ಹೀಗಿರುತ್ತದೆ’ ಅಂತ ಬರೆದರೆ ನೀವು ಅಳೆದದ್ದು ಮೀನಿನ ಗಾಬರಿಯನ್ನು, ಅಲ್ವಾ?

ಅದಕ್ಕೇ ಎರಡಲ್ಲ, ಮೂರು ಗುಂಪು ಮಾಡಿ. ಹಿಡಿದ ಜಾಗದಲ್ಲೇ ಮಾದರಿ ತೆಗೆದ ಮೀನು ಒಂದು. ನದಿಯಲ್ಲಿ ಹಿಡಿದು, ತೊಟ್ಟಿಯಲ್ಲಿ ಕನಿಷ್ಠ ಒಂದು ಪೂರ್ತಿ ಸಂತಾನ ಋತು ಕಳೆದದ್ದು ಇನ್ನೊಂದು. ಹ್ಯಾಚರಿಯಲ್ಲೇ (ಮರಿ ಮಾಡಿಸುವ ಕೇಂದ್ರದಲ್ಲೇ) ಹುಟ್ಟಿ ಬೆಳೆದದ್ದು ಮೂರನೆಯದು. ಮೊದಲ ಎರಡರ ನಡುವಿನ ವ್ಯತ್ಯಾಸ ಸೆರೆವಾಸದಿಂದ ಬಂದದ್ದು. ಕೊನೆಯ ಎರಡರ ನಡುವಿನದು ಹುಟ್ಟು ಮತ್ತು ಸಾಕಣೆಯಿಂದ ಬಂದದ್ದು. ಸೆನೆಗಲೀಸ್ ಸೋಲ್ ಮೀನನ್ನೇ ನೋಡಿ. ಸಮುದ್ರದಿಂದ ತಂದವು ತೊಟ್ಟಿಗೆ ಒಗ್ಗಿಕೊಂಡ ಮೇಲೆ ತಾವಾಗಿಯೇ ಮೊಟ್ಟೆ ಇಟ್ಟು ಫಲಿಸುತ್ತವೆ. ತೊಟ್ಟಿಯಲ್ಲೇ ಹುಟ್ಟಿದ ಗಂಡುಗಳು ಹೆಣ್ಣಿನ ಹಿಂದೆ ಹೋಗುವುದೇ ಕಡಿಮೆ, ಹಾಗಾಗಿ ಮೊಟ್ಟೆ ಬಂದರೂ ಫಲಿಸುವುದಿಲ್ಲ. ಎರಡೇ ಗುಂಪು ಇಟ್ಟಿದ್ದರೆ ಸುಮ್ನೆ ತೊಟ್ಟಿಯ ಮೇಲೆ ತಪ್ಪು ಹೊರಿಸುತ್ತಿದ್ದೆವು.

ಮುಂದೆ, ಹೋಲಿಸುವ ಮೀನುಗಳನ್ನು ಒಂದಕ್ಕೊಂದು ಸರಿಹೊಂದಿಸುವ ಕೆಲಸ. ಸಾಕಿದ ಮೀನು ಹೊಟ್ಟೆ ತುಂಬ ತಿಂದು ಬೇಗ ಬಲಿಯುತ್ತದೆ. ಸಾಕಿದ ಅಟ್ಲಾಂಟಿಕ್ ಕಾಡ್ ಸಾಮಾನ್ಯವಾಗಿ 2 ವರ್ಷಕ್ಕೇ ಬಲಿಯುತ್ತದೆ, ಸಮುದ್ರದ್ದು ಅದಕ್ಕಿಂತ ತಡ. ಹಾಗಾಗಿ ತೂಕ ಒಂದೇ ಇದ್ದರೆ ಸಾಲದು, ವಯಸ್ಸೂ ನೋಡಿ. ಸಾಕಿದ್ದಕ್ಕೆ ದಾಖಲೆ ಇರುತ್ತದೆ, ನದಿಯದ್ದಕ್ಕೆ ಹುರುಪೆಯ ಉಂಗುರ ಎಣಿಸಬೇಕು. ದಿನಾಂಕ ನೋಡಿ ಹೋಲಿಸುವುದಂತೂ ಬೇಡವೇ ಬೇಡ, ಅಂಡಾಶಯದ ಹಂತ ನೋಡಿ ಹೋಲಿಸಿ. ಒಂದೇ ದಿನ ನದಿಯ ಹೆಣ್ಣು ಮೊಟ್ಟೆ ಇಟ್ಟು ಮುಗಿಸಿರಬಹುದು, ಕೊಳದ್ದು ಇನ್ನೂ ತುಂಬಿಕೊಳ್ಳುತ್ತಿರಬಹುದು. ಅಂಡಾಶಯದ ಚೂರನ್ನು ಬೌಇನ್ ದ್ರವದಲ್ಲಿಟ್ಟು (ಅಂಗಾಂಶ ಕೆಡದಂತೆ ಇಡುವ ದ್ರವ), ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ನೋಡಿದರೆ ಹಂತ ಖಚಿತವಾಗುತ್ತದೆ.

ಅಂಡಾಶಯದ ತೂಕವನ್ನು ದೇಹದ ತೂಕದಿಂದ ಭಾಗಿಸಿ 100ರಿಂದ ಗುಣಿಸುವ ಲೆಕ್ಕ ಎಲ್ಲರಿಗೂ ಗೊತ್ತು. ಅದರಲ್ಲೊಂದು ಕಳ್ಳದಾರಿ ಇದೆ. ಸಾಕಿದ ಮೀನಿನ ಕರುಳಿನ ಸುತ್ತ ಕೊಬ್ಬು ಜಾಸ್ತಿ. ಭಾಜಕ ದೊಡ್ಡದಾಗಿ, ಅಂಡಾಶಯ ಚಿಕ್ಕದು ಅನ್ನುವ ಭ್ರಮೆ ಬರುತ್ತದೆ. ಒಳಾಂಗ ತೆಗೆದ ಮೇಲಿನ ತೂಕ ಹಿಡಿಯಿರಿ.

ಮಾದರಿ ತೆಗೆಯುವ ದಿನ ಮೊದಲು ರಕ್ತ, ಆಮೇಲೆ ಉಳಿದದ್ದು. ಮೀನನ್ನು ಮುಟ್ಟಿದ ಕೆಲವೇ ನಿಮಿಷಕ್ಕೆ ಕಾರ್ಟಿಸೋಲ್ ಏರತೊಡಗುತ್ತದೆ, 3 ನಿಮಿಷದೊಳಗೆ ಬಾಲದ ರಕ್ತನಾಳದಿಂದ ರಕ್ತ ಎಳೆದು ಮುಗಿಸಿ. ರಕ್ತ ಹೆಪ್ಪುಗಟ್ಟದಂತೆ ಸಿರಿಂಜಿಗೆ ಮೊದಲೇ ಹೆಪಾರಿನ್ ಸವರಿರಲಿ. ಪ್ಲಾಸ್ಮಾ (ರಕ್ತದ ತಿಳಿ ದ್ರವ) ಬೇರ್ಪಡಿಸುವವರೆಗೆ ಐಸ್ ಮೇಲೆ, ನಂತರ −80 ಡಿಗ್ರಿಯಲ್ಲಿ. ಮೀನಿಗೆ ಅರಿವಳಿಕೆ ಕೊಡಲು ಎಂಎಸ್-222 ಎಂಬ ಮದ್ದು ಬಳಸಿದರೆ ನೀರು ಹುಳಿಯಾಗುತ್ತದೆ, ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ ಸರಿಪಡಿಸಿ. ಎಲ್ಲ ಗುಂಪಿಗೂ ಒಂದೇ ಮದ್ದು, ಒಂದೇ ಹೊತ್ತು. ರಾತ್ರಿಯಿಡೀ ಬಲೆಯಲ್ಲಿ ಒದ್ದಾಡಿದ ಮೀನಿನ ರಕ್ತದಿಂದ ಕಾರ್ಟಿಸೋಲ್ ಲೆಕ್ಕ ಬೇಡ. ಒತ್ತಡದಲ್ಲಿ ಲೈಂಗಿಕ ಹಾರ್ಮೋನುಗಳೂ ಕುಸಿಯುತ್ತವೆ. ಅಂಥ ಮೀನಿನಿಂದ ಅಂಗಾಂಶ ಮಾತ್ರ ತೆಗೆದುಕೊಳ್ಳುವುದು ಪ್ರಾಮಾಣಿಕ ಕೆಲಸ.

ಈಗ ನನಗೆ ಇಷ್ಟದ ಭಾಗ. ತೆಳು ಕೊಳವೆಯನ್ನು ಜನನರಂಧ್ರದಲ್ಲಿ ಮೆಲ್ಲಗೆ ತೂರಿಸಿ ಕೆಲವು ಮೊಟ್ಟೆ ಹೀರಿ. ಆಲ್ಕೋಹಾಲ್ 6, ಫಾರ್ಮಲಿನ್ 3, ಅಸಿಟಿಕ್ ಆಮ್ಲ 1 ಪಾಲು ಬೆರೆಸಿದ ದ್ರವಕ್ಕೆ ಹಾಕಿ. ಸ್ವಲ್ಪ ಹೊತ್ತಿಗೆ ಮೊಟ್ಟೆ ತಿಳಿಯಾಗಿ, ಒಳಗಿನ ಕೋಶಕೇಂದ್ರ ಚುಕ್ಕಿಯಾಗಿ ಕಾಣುತ್ತದೆ. ಚುಕ್ಕಿ ನಡುವೆ ಇದ್ದರೆ ಇನ್ನೂ ಹೊತ್ತಿದೆ. ಅಂಚಿನತ್ತ ಸರಿದಿದ್ದರೆ ಮೊಟ್ಟೆ ಮಾಗುತ್ತಿದೆ. ಕೊಳದ ರೋಹು ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲೇ. ಮೊಟ್ಟೆಯೊಳಗೆ ಹಳದಿ ತುಂಬಿದೆ, ಗಾತ್ರ ಸರಿಯಾಗಿದೆ, ಆದರೆ ಕೊನೆಯ ಹೆಜ್ಜೆ ಮುಂದೆ ಹೋಗುವುದಿಲ್ಲ. ಹರಿವ ನೀರು, ಏರುವ ಪ್ರವಾಹ ಕೊಡುವ ಸೂಚನೆ ಕೊಳದಲ್ಲಿಲ್ಲ. ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ, ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯಿಂದ ಎಲ್‌ಎಚ್ (ಮೊಟ್ಟೆ ಮಾಗಲು ಚಾಲನೆ ಕೊಡುವ ಹಾರ್ಮೋನ್) ಹೊರಬೀಳದಂತೆ ತಡೆಹಿಡಿಯುತ್ತದೆ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಪಿಟ್ಯೂಟರಿ ಸಾರ ಚುಚ್ಚಿ ಭಾರತದ ಗೆಂಡೆ ಮೀನುಗಳಲ್ಲಿ ಮೊಟ್ಟೆ ಇಡಿಸಿದ್ದು ಈ ಗಂಟನ್ನು ಬಿಚ್ಚಿಯೇ.

ಆದ್ದರಿಂದ ಹಳದಿ ತುಂಬಿಸುವ ಹೆಣ್ಣು ಹಾರ್ಮೋನಾದ ಎಸ್ಟ್ರಡಯಾಲ್ ಒಂದನ್ನೇ ಅಳೆದು ‘ವ್ಯತ್ಯಾಸ ಇಲ್ಲ’ ಅನ್ನಬೇಡಿ. ಹಳದಿ ತುಂಬುವವರೆಗೆ ಎರಡೂ ಮೀನು ಒಂದೇ ಥರ ಕಾಣಬಹುದು. ಮಾಗಿಸುವ ಸ್ಟೀರಾಯ್ಡ್ ಆದ 17,20ಬೀಟಾ-ಪಿ ಅನ್ನೂ ಎಲ್‌ಎಚ್ ಅನ್ನೂ ನೋಡಿ. ಎಲ್‌ಎಚ್ ಅನ್ನು ಪಿಟ್ಯೂಟರಿಯಲ್ಲೂ ರಕ್ತದಲ್ಲೂ ಅಳೆಯಿರಿ. ಗ್ರಂಥಿಯಲ್ಲಿ ತುಂಬಿದ್ದು ರಕ್ತದಲ್ಲಿ ಇಲ್ಲದಿದ್ದರೆ ಬಿಡುಗಡೆಯೇ ನಿಂತಿದೆ ಅಂತ ಅರ್ಥ. ಆ ಜಾತಿಯ ಮೀನಿನ ಎಲ್‌ಎಚ್ ಅಳೆಯಲು ಸರಿಹೊಂದುವ ಕಿಟ್ ಸಿಗದೆ ಕೆಲವರು ಜೀನ್ ಅಭಿವ್ಯಕ್ತಿ (ಹಾರ್ಮೋನಿನ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದು) ಮಾತ್ರ ನೋಡುತ್ತಾರೆ. ಅದು ತಯಾರಿಯ ಸುಳಿವು ಕೊಡುತ್ತದೆ, ಬಿಡುಗಡೆಯದ್ದಲ್ಲ.

ಗಂಡಿನಲ್ಲಿ 11-ಕೀಟೊಟೆಸ್ಟೊಸ್ಟಿರೋನ್ (ಮೀನಿನ ಗಂಡು ಹಾರ್ಮೋನ್) ಅಳೆಯಿರಿ, ಆದರೆ ನಿಜವಾದ ಪರೀಕ್ಷೆ ವೀರ್ಯದ್ದು. ಜನನರಂಧ್ರ ಒರೆಸಿ, ಹೊಟ್ಟೆ ಒತ್ತಿ, ಮೊದಲ ಹನಿ ಚೆಲ್ಲಿ. ಅದರಲ್ಲಿ ಮೂತ್ರ ಇರುತ್ತದೆ. ವೀರ್ಯಾಣು ವೀರ್ಯದ್ರವದೊಳಗೆ ಅಲ್ಲಾಡದೆ ಇರುತ್ತದೆ, ಸಿಹಿನೀರಿನ ಮೀನಾದರೆ ನೀರು ಅಥವಾ ಮೂತ್ರ ತಾಗಿದೊಡನೆ ಓಡತೊಡಗುತ್ತದೆ. ಗೆಂಡೆಯಲ್ಲಿ ಆ ಓಟ ಒಂದು ನಿಮಿಷದ ಆಸುಪಾಸಿನಲ್ಲೇ ಬಹುಪಾಲು ಮುಗಿದುಹೋಗುತ್ತದೆ. ಸ್ಲೈಡ್ ಫೋಕಸ್ ಆಗಿರಲಿ, ಕಣ್ಣು ಸೂಕ್ಷ್ಮದರ್ಶಕದಲ್ಲೇ ಇರಲಿ, ಆಮೇಲೆ ನೀರು ಸೇರಿಸಿ. ತಡವಾಗಿ ನೋಡಿದರೆ ಒಳ್ಳೆಯ ಗಂಡೂ ಸೋತಂತೆ ಕಾಣುತ್ತದೆ.

ಮೊಟ್ಟೆಯ ಕೊಬ್ಬಿನಾಮ್ಲಗಳನ್ನೂ ನೋಡಿ, ಮುಖ್ಯವಾಗಿ ಅರಾಕಿಡೋನಿಕ್ ಆಮ್ಲ, ಒಮೆಗಾ-3 ಗುಂಪಿನ ಇಪಿಎ, ಡಿಎಚ್‌ಎ. ಸಸ್ಯದೆಣ್ಣೆಯ ಆಹಾರ ತಿಂದ ಮೀನಿನ ಮೊಟ್ಟೆಯಲ್ಲಿ ಲಿನೋಲಿಕ್ ಆಮ್ಲ ಜಾಸ್ತಿ ಇರುವುದು ಸಾಮಾನ್ಯ. ಅದು ಮೇವಿನ ಗುರುತು, ತಳಿಯದ್ದಲ್ಲ.

ಫಲಿತ ಪ್ರಮಾಣ ಹೋಲಿಸುವಾಗ ಹೊತ್ತು ಮರೆಯಬೇಡಿ. ಮಾಗಿ ಬಿಡಿಬಿಡಿಯಾದ ಮೊಟ್ಟೆ ಹೊಟ್ಟೆಯಲ್ಲೇ ಉಳಿದರೆ ಅತಿಯಾಗಿ ಮಾಗಿ ಹಾಳಾಗುತ್ತದೆ. ಟ್ರೌಟ್ ತಣ್ಣೀರಿನಲ್ಲಿ ಹಲವು ದಿನ ತಡೆಯುತ್ತದೆ, ಸ್ಟ್ರೈಪ್ಡ್ ಬಾಸ್ ಮೀನಿಗೆ ಸಿಗುವುದು ಸುಮಾರು ಒಂದು ಗಂಟೆಯಷ್ಟೇ.

ಕೊನೆಗೆ ಅಂಕಿಅಂಶ. ಒಂದೇ ತೊಟ್ಟಿಯ ಹತ್ತು ಮೀನು ಹತ್ತು ಸ್ವತಂತ್ರ ಮಾದರಿಯಲ್ಲ. ಹ್ಯಾಚರಿ ಮೀನುಗಳು ಒಂದೇ ತಾಯಿಯ ಮರಿಗಳೂ ಆಗಿರಬಹುದು. ಪ್ರತಿ ಮೀನಿನ ರೆಕ್ಕೆಯ ಚೂರನ್ನು ಆಲ್ಕೋಹಾಲಿನಲ್ಲಿ ಇಟ್ಟುಕೊಳ್ಳಿ, ಯಾರು ಯಾರಿಗೆ ಸಂಬಂಧ ಅಂತ ಡಿಎನ್‌ಎ ನೋಡಿ ಆಮೇಲೆ ಹೇಳಬಹುದು.