ತೋಳಿನಲ್ಲಿ ಕಡ್ಡಿ, ಗೋಡೆಯಲ್ಲಿ ಕ್ಯಾಲೆಂಡರ್

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡುಗೆಕೋಣೆಗಳಲ್ಲಿ ಗೋಡೆಗೊಂದು ಕ್ಯಾಲೆಂಡರ್ ಇದ್ದೇ ಇರುತ್ತದೆ. ಡೈರಿಗೆ ಕೊಟ್ಟ ಹಾಲು, ಗ್ಯಾಸ್ ಬಂದ ದಿನ, ಅಡಿಕೆ ಸುಲಿಯಲು ಬಂದವರ ಹಾಜರಿ, ಎಲ್ಲ ಲೆಕ್ಕವೂ ಅದರಲ್ಲೇ. ಹೋದ ವರ್ಷ ನನ್ನ ನಾದಿನಿಯ ಕ್ಯಾಲೆಂಡರಿನಲ್ಲಿ ಇನ್ನೊಂದು ಲೆಕ್ಕ ಶುರುವಾಯಿತು. ಕೆಂಪು ಪೆನ್ನಿನ ಸಣ್ಣ ಚುಕ್ಕಿಗಳು. ಎರಡನೇ ಹೆರಿಗೆಯಾಗಿ ಆರು ತಿಂಗಳಿಗೆ ಅವಳು ಮಂಗಳೂರಿಗೆ ಹೋಗಿ, ಮಕ್ಕಳಾಗದಂತೆ ತೋಳಿಗೆ ಇಂಪ್ಲಾಂಟ್ ಹಾಕಿಸಿಕೊಂಡು ಬಂದಿದ್ದಳು.

ಹಾಕಿದ್ದು ಕೆಲವೇ ನಿಮಿಷದ ಕೆಲಸ. ಆಮೇಲೆ ಏನಾಗುತ್ತದೆ ಅಂತ ಮಾತ್ರ ಯಾರೂ ಬಿಡಿಸಿ ಹೇಳಿರಲಿಲ್ಲ. ಅಲ್ಲಿ ಕೊಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು. ಊರಿಗೆ ಬಂದು ಕೇಳಿದರೆ ವಿವರಣೆ ಮಲಯಾಳದಲ್ಲಿ ಸಿಕ್ಕಿತು. ಅವಳಿಗೆ ಓದಲು ಬರುವುದು ಕನ್ನಡ. ಹಾಗಾಗಿ ಈ ಲೇಖನ.

ಒಳಗೆ ಇರುವುದೇನು?

4 ಸೆಂ.ಮೀ. ಉದ್ದ, 2 ಮಿ.ಮೀ. ದಪ್ಪದ ಮೆತ್ತಗಿನ ಕಡ್ಡಿ. ಹಿಡಿಸೂಡಿಯಿಂದ ಮುರಿದ ತುಂಡಿನಷ್ಟು ಅನ್ನಿ. ಅದರಲ್ಲಿ 68 ಮಿ.ಗ್ರಾಂ ಎಟೊನೊಜೆಸ್ಟ್ರೆಲ್ ಎಂಬ ಹಾರ್ಮೋನ್ ಇದೆ. ದಿನಾ ಚೂರು ಚೂರೇ ರಕ್ತಕ್ಕೆ ಸೇರುತ್ತದೆ. ಅಂಡ ಹೊರಬರದಂತೆ ತಡೆಯುತ್ತದೆ, ಗರ್ಭಕೋಶದ ಬಾಯಿಯ ಲೋಳೆಯನ್ನು ಮಂದ ಮಾಡುತ್ತದೆ, ಒಳಪದರವನ್ನು ತೆಳ್ಳಗಾಗಿಸುತ್ತದೆ. ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಒಬ್ಬರಿಗೆ ಗರ್ಭ ನಿಂತರೆ ಹೆಚ್ಚು.

ತೊಂದರೆ ಕೊಡುವುದು ಆ ತೆಳ್ಳಗಿನ ಪದರವೇ. ಸೆಗಣಿಯನ್ನು ತೀರಾ ತೆಳ್ಳಗೆ ಸಾರಿಸಿದ ಅಂಗಳ ಅಲ್ಲಲ್ಲಿ ಎದ್ದು ಬರುವುದಿಲ್ಲವೇ, ಹಾಗೆ. ಅಲ್ಲಿನ ರಕ್ತನಾಳಗಳೂ ಸೂಕ್ಷ್ಮವಾಗಿರುತ್ತವೆ. ಹೊತ್ತುಗೊತ್ತಿಲ್ಲದೆ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿಕೊಳ್ಳುತ್ತದೆ.

ಮೊದಲ ವಾರ: ತೋಳು ನೋಡಿಕೊಳ್ಳಿ

ಬಿಗಿ ಬ್ಯಾಂಡೇಜ್ 24 ಗಂಟೆ ಇರಲಿ. ಒಳಗಿನ ಸಣ್ಣ ಪಟ್ಟಿ 3ರಿಂದ 5 ದಿನ. ನೀಲಿಗಟ್ಟಿದರೆ, ಮುಟ್ಟಿದಾಗ ನೋವಾದರೆ ಗಾಬರಿ ಬೇಡ. ನಾಲ್ಕು ದಿನ ಹುಲ್ಲಿನ ಹೊರೆ, ನೀರಿನ ಕೊಡ ಬೇರೆಯವರು ಎತ್ತಲಿ. ಗಾಯ ಮಾಗಿದ ಮೇಲೆ ಬೆರಳಿನಿಂದ ಒತ್ತಿ ನೋಡಿ, ಕಡ್ಡಿಯ ಎರಡೂ ತುದಿ ಸಿಗಬೇಕು. ಸಿಗದಿದ್ದರೆ ಹಾಕಿದವರಲ್ಲಿಗೇ ಹೋಗಿ. ಅಲ್ಲಿಯವರೆಗೆ ಕಾಂಡೋಮ್ ಬಳಸಿ. ಮುಟ್ಟಿನ ಮೊದಲ 5 ದಿನದೊಳಗೆ ಹಾಕಿದ್ದರೆ ರಕ್ಷಣೆ ಆವತ್ತಿನಿಂದಲೇ. ಬೇರೆ ದಿನ ಹಾಕಿಸಿದ್ದರೆ ಸಾಮಾನ್ಯವಾಗಿ 7 ದಿನ ಕಾಂಡೋಮ್ ಬೇಕು.

ಆಮೇಲೆ ಲೆಕ್ಕ ಬರೆಯಿರಿ

ಕೆಂಪು ಪೆನ್ನು ತೆಗೆದುಕೊಳ್ಳಿ. ಕಲೆಯಷ್ಟೇ ಕಂಡರೆ ಚುಕ್ಕಿ. ಪ್ಯಾಡ್ ಬೇಕಾದರೆ ಗೀಟು. ಜಾಸ್ತಿ ಹೋದರೆ ಎರಡು ಗೀಟು. ಮೂರು ತಿಂಗಳು ಬಿಡದೆ ಬರೆಯಿರಿ. "ತುಂಬಾ ದಿನದಿಂದ ಹೋಗ್ತಾ ಇದೆ ಡಾಕ್ಟ್ರೇ" ಅನ್ನುವುದಕ್ಕೂ, "ತೊಂಬತ್ತರಲ್ಲಿ ಇಪ್ಪತ್ತೆರಡು ದಿನ ಚುಕ್ಕಿ, ಆರು ದಿನ ಗೀಟು" ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಭಾಷೆ ಸರಿಯಾಗಿ ಬಾರದ ಕಡೆ ಇದು ಇನ್ನೂ ಉಪಕಾರ. ನರ್ಸ್ "ಎತ್ರ ದಿವಸಮಾಯಿ?" (ಎಷ್ಟು ದಿನವಾಯಿತು?) ಅಂತ ಕೇಳಿದಾಗ ನಾದಿನಿ ಮೊಬೈಲಿನಲ್ಲಿ ಕ್ಯಾಲೆಂಡರಿನ ಫೋಟೋ ತೋರಿಸಿದಳು. ಕೆಲಸ ಮುಗಿಯಿತು.

ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟು ಪೂರಾ ನಿಂತೇ ಹೋಗುತ್ತದೆ. ರಕ್ತ ಒಳಗೆ ಕಟ್ಟಿ ನಿಲ್ಲುತ್ತದೆ ಅನ್ನುವುದು ಸುಳ್ಳು. ಪದರವೇ ಬೆಳೆದಿಲ್ಲ, ಕಟ್ಟಲು ಏನಿದೆ? ಇನ್ನು ಕೆಲವರಿಗೆ ಅಪರೂಪಕ್ಕೆ ಬರುತ್ತದೆ. ಕೆಲವರಿಗೆ ಮಾತ್ರ ಪದೇಪದೇ, ಇಲ್ಲವೇ ದಿನಗಟ್ಟಲೆ ಹೋಗುತ್ತದೆ. ಮೊದಲ ಮೂರು ತಿಂಗಳ ರೀತಿ ಚೆನ್ನಾಗಿದ್ದರೆ ಸಾಮಾನ್ಯವಾಗಿ ಹಾಗೇ ಮುಂದುವರಿಯುತ್ತದೆ. ಕೆಟ್ಟದಾಗಿದ್ದರೆ ಅಂಥವರಲ್ಲಿ ಸುಮಾರು ಅರ್ಧ ಮಂದಿಗೆ ಆಮೇಲೆ ಸುಧಾರಿಸುತ್ತದೆ. ಈ ಒಂದೇ ಕಾರಣಕ್ಕೆ ತೆಗೆಸುವವರು ಹತ್ತರಲ್ಲಿ ಒಬ್ಬರು.

ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವಿದೆ. ಒಂದು ರಾತ್ರಿ ಫೋನ್ ಬಂತು. "ಅತ್ತಿಗೇ, ಒಂದೇ ಒಂದು ಹನಿ. ಇದನ್ನ ಮುಟ್ಟು ಅಂತ ಲೆಕ್ಕ ಹಿಡಿಯೋದಾ, ಬೇಡ್ವಾ? ನಾಡಿದ್ದು ನಾಗನಿಗೆ ತಂಬಿಲ, ಪೂಜೆ." ತಿಂಗಳಿಗೆ ಮೂರು ದಿನ ಹೊರಗಿರುವುದು ಒಂದು ರೂಢಿ. ಚುಕ್ಕಿ ಕಂಡಾಗಲೆಲ್ಲ ಹೊರಗೆ ಅಂದರೆ ತಿಂಗಳಲ್ಲಿ ಅರ್ಧದಷ್ಟು ದಿನ ಅಡುಗೆಕೋಣೆಗೆ ಯಾರು ಹೋಗುವುದು? ವೈದ್ಯರ ಲೆಕ್ಕದಲ್ಲಿ ಇದು ನಿಜವಾದ ಮುಟ್ಟಲ್ಲ, ಅಂಡವೇ ಬಿಡುಗಡೆಯಾಗಿರುವುದಿಲ್ಲ. ನಾನು ಅಷ್ಟನ್ನೇ ಹೇಳಿದೆ. ಅವಳು ಅತ್ತೆಗೂ ಹೇಳಿದಳು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನೀನು ಹೇಳ್ಬೇಡ, ನಾನು ಕೇಳುದಿಲ್ಲ" ಅಂದರಂತೆ. ನನಗೆ ಇದು ಒಳ್ಳೆಯ ಒಪ್ಪಂದ ಅನ್ನಿಸಿತು. ಹಾಕಿಸುವ ಮೊದಲೇ ಮನೆಯಲ್ಲಿ ಈ ಮಾತಾಗಿದ್ದರೆ ಇನ್ನೂ ಒಳ್ಳೆಯದಿತ್ತು.

ನಿಲ್ಲದಿದ್ದರೆ

ಸಹಿಸಿಕೊಂಡು ಕೂರಬೇಕಾಗಿಲ್ಲ. ಐಬುಪ್ರೊಫೆನ್ ಅಥವಾ ಮೆಫೆನಾಮಿಕ್ ಆ್ಯಸಿಡ್ ಮಾತ್ರೆಯನ್ನು 5 ದಿನ ಕೊಟ್ಟರೆ ಹಲವರಿಗೆ ಕಡಿಮೆಯಾಗುತ್ತದೆ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಮೂರು ವಾರ ಕೊಡುವುದೂ ಉಂಟು. ಎರಡೂ ವೈದ್ಯರು ಬರೆದುಕೊಟ್ಟರೆ ಮಾತ್ರ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಮೊದಲನೆಯದು ಆಗದು. ಬಿಪಿ ಜಾಸ್ತಿ ಇದ್ದವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ ಎರಡನೆಯದು ಆಗದು. ಹಾಲೂಡಿಸುತ್ತಿದ್ದರೆ ಅದನ್ನೂ ಹೇಳಿ. ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹರಿವೆ, ನುಗ್ಗೆ ಸೊಪ್ಪು ತಿನ್ನಿ, ಆದರೆ ರಕ್ತ ತೀರಾ ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆ ಬೇಕೇ ಬೇಕು.

ತಲೆನೋವು, ಮೊಲೆನೋವು, ಮೊಡವೆ ಕೆಲವರಿಗೆ ಬರುತ್ತವೆ. ಬಹಳಷ್ಟು ಸಲ ಕೆಲವು ತಿಂಗಳಲ್ಲಿ ತಗ್ಗುತ್ತವೆ. ತೂಕ ಮೊದಲ ವರ್ಷ ಸರಾಸರಿ ಒಂದೂಕಾಲು ಕಿಲೋ ಏರಿದ್ದುಂಟು. ಅದರಲ್ಲಿ ಕಡ್ಡಿಯ ಪಾಲೆಷ್ಟು, ಬಾಣಂತನದ ತುಪ್ಪದ ಪಾಲೆಷ್ಟು ಅಂತ ಬೇರ್ಪಡಿಸುವುದು ಕಷ್ಟ. ಮನಸ್ಸು ಕುಗ್ಗಿದರೆ ಮಾತ್ರ "ಬಾಣಂತಿಯರಿಗೆ ಹಾಗೇ" ಅಂತ ಬಿಡಬೇಡಿ. ಕ್ಯಾಲೆಂಡರಿನಲ್ಲಿ ಅದಕ್ಕೂ ಒಂದು ಗುರುತು ಹಾಕಿ, ಎರಡು ವಾರ ದಾಟಿದರೆ ವೈದ್ಯರಲ್ಲಿ ಮಾತಾಡಿ.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಫಿನೈಟಾಯಿನ್, ಕಾರ್ಬಮಜೆಪೀನ್ ತೆಗೆದುಕೊಳ್ಳುವಾಗ ಕಡ್ಡಿಯ ಶಕ್ತಿ ಕುಂದುತ್ತದೆ. ಜ್ವರಕ್ಕೇ ಹೋಗಿರಲಿ, ಹಲ್ಲುನೋವಿಗೇ ಹೋಗಿರಲಿ, ತೋಳಿನಲ್ಲಿ ಇಂಪ್ಲಾಂಟ್ ಇದೆ ಅಂತ ಹೇಳಿ.

ಆವತ್ತೇ ಹೋಗಬೇಕಾದದ್ದು

ಗಂಟೆಗೊಂದು ಪ್ಯಾಡ್ ಒದ್ದೆಯಾಗಿ ಎರಡು ಗಂಟೆ ದಾಟಿದರೆ. ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ. ಹಿಂದೆಂದೂ ಇಲ್ಲದ ತಲೆನೋವು ಬಂದು ಕಣ್ಣು ಮಂಜಾದರೆ. ಕಿಬ್ಬೊಟ್ಟೆಯಲ್ಲಿ ತಡೆಯಲಾರದ ನೋವಾದರೆ. ಕಣ್ಣು ಹಳದಿಯಾದರೆ. ತೋಳಿನ ಗಾಯದಲ್ಲಿ ಕೀವಾದರೆ. ಗಂಡ ಹೆಂಡತಿ ಸೇರಿದ ಮೇಲೆ ಪ್ರತಿ ಸಲ ರಕ್ತ ಬರುತ್ತಿದ್ದರೆ ಅದು ಕಡ್ಡಿಯದ್ದೇ ಅಂದುಕೊಳ್ಳಬೇಡಿ. ಅದಕ್ಕೆ ಓಡಿಹೋಗಬೇಕಾಗಿಲ್ಲ, ಆದರೆ ಅದೇ ವಾರ ಪರೀಕ್ಷೆ ಆಗಲಿ.

ಬೇಡ ಅನ್ನಿಸಿದರೆ

ಯಾವಾಗ ಬೇಕಾದರೂ ತೆಗೆಸಬಹುದು. ಗಂಡನ ಒಪ್ಪಿಗೆ ಬೇಡ, ಕಡ್ಡಿಯ ಮೂರು ವರ್ಷದ ಅವಧಿ ತುಂಬಬೇಕಾಗಿಲ್ಲ. "ಇನ್ನೂ ಆರು ತಿಂಗಳು ನೋಡಿ" ಅಂತ ವೈದ್ಯರು ಹೇಳಬಹುದು, ಕೇಳುವುದು ಬಿಡುವುದು ನಿಮಗೆ ಸೇರಿದ್ದು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, 2-3 ಮಿ.ಮೀ. ಗಾಯ ಮಾಡಿ ತೆಗೆಯುತ್ತಾರೆ. ಮನೆಯಲ್ಲಿ ಒತ್ತಿ ತೆಗೆಯುವ ಸಾಹಸ ಬೇಡವೇ ಬೇಡ. ಹಾರ್ಮೋನ್ ವಾರದೊಳಗೆ ರಕ್ತದಿಂದ ಹೋಗಿಬಿಡುತ್ತದೆ, ಗರ್ಭವೂ ಬೇಗ ನಿಲ್ಲಬಹುದು. ಮಗು ಬೇಡದಿದ್ದರೆ ಅವತ್ತೇ ಬೇರೆ ವಿಧಾನ ಶುರುಮಾಡಬೇಕು.

ತೆಗೆಸುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದು ಪ್ರಯೋಜನವಿಲ್ಲ. ಜನವರಿ ಬಂದರೆ ಹಳೆಯದು ಪುಸ್ತಕಕ್ಕೆ ಬೈಂಡ್ ಹಾಕಲು ಹೋಗುತ್ತದೆ. ನಾದಿನಿ ಕಪಾಟಿನ ಬಾಗಿಲಿನ ಒಳಬದಿಗೆ ಬರೆದಿಟ್ಟಿದ್ದಾಳೆ, ಅದರ ಕೆಳಗೇ ಮಗುವಿನ ಲಸಿಕೆಯ ದಿನಗಳು.